ಬಂಗಾರದ ನೀರು ಹೋದ ಹೂಜಿ

ಮಸ್ಕಿಯ ಶಾಸನ ನೋಡಲು ಬಂದಿದ್ದ ಪರದೇಶದ ರಾಯಭಾರಿಯೊಬ್ಬರು ನಮ್ಮ ಸರ್ಕಾರಕ್ಕೆ ಒಂದು ಹೂಜಿಯನ್ನು ಕಾಣಿಕೆಯಾಗಿ ಕೊಟ್ಟಿದ್ದರು. ತಾಮ್ರದ್ದು, ಮೈತುಂಬ ಬಳ್ಳಿ, ಹಕ್ಕಿ, ಅವುಗಳ ಮೇಲೆ ಬಂಗಾರದ ನೀರು. ಅದು ಲಿಂಗಸುಗೂರಿನ ಸಣ್ಣ ವಸ್ತುಸಂಗ್ರಹಾಲಯದ ಗಾಜಿನ ಕಪಾಟಿಗೆ ಬಂತು. ಮೆಟ್ರಿಕ್ ಮುಗಿಸಿದ್ದ ನಾನು ಅಲ್ಲಿ ಜವಾನನಾಗಿದ್ದೆ. ನನ್ನ ಹೆಂಡತಿ ಅಲ್ಲೇ ದಿನಗೂಲಿಗೆ ಕಸ ಗುಡಿಸುತ್ತಿದ್ದಳು.

ರಾಯಭಾರ ಕಚೇರಿಯವರು ಮತ್ತೆ ಬರುತ್ತಾರೆಂದು ಸುದ್ದಿ ಬಂದಾಗ ಹೂಜಿ ಕಪ್ಪಿಟ್ಟಿತ್ತು. ಕಪಾಟಿನ ಕೀಲಿ ನನ್ನ ಹತ್ತಿರವೇ ಇತ್ತು. ತೆಗೆದು ಅವಳ ಕೈಗೆ ಕೊಟ್ಟೆ.

"ಇದನ್ನ ತಿಕ್ಕಬಹುದೇನ್ರಿ? ಸಾಹೇಬರನ್ನ ಒಂದು ಮಾತು ಕೇಳ್ರಿ," ಅಂದಳು.

"ತಾಮ್ರ ತಿಕ್ಕಾಕ ಸಾಹೇಬರನ್ನ ಕೇಳಬೇಕೇನು? ದೇವರ ಕೊಡ ತಿಕ್ಕಿದಂಗ ತಿಕ್ಕು."

ಹಿಂದಿನ ನಲ್ಲಿಯ ಕೆಳಗೆ ಕೂತು ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿದಳು. ಹೂಜಿ ಕೆಂಪಗೆ ಹೊಳೆಯಿತು. ಬಂಗಾರವೆಲ್ಲ ನೀರಿನ ಜೊತೆ ಹರಿದುಹೋಗಿತ್ತು.

ಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಸಾಹೇಬರು ನೋಡಿದವರೇ ತಲೆ ಹಿಡಿದುಕೊಂಡರು. "ಯಾರಲೇ ಇದನ್ನ ತಿಕ್ಕಿದವ್ರು?" ಎಂದು ಕೂಗಿದರು. ಸಿಬ್ಬಂದಿಯೆಲ್ಲ ಸೇರಿತ್ತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

"ಈಕಿ ರೀ ಸಾಹೇಬ್ರ. ನಾ ಊಟಕ್ಕ ಹೋದಾಗ ಕೀಲಿ ತಗೊಂಡು, ಯಾರನ್ನೂ ಕೇಳದ ತಿಕ್ಯಾಳ," ಅಂದೆ.

ಗುಮಾಸ್ತ ನಕ್ಕ. "ಏನವ್ವಾ, ಇದೇನು ನಿಮ್ಮನಿ ಬಚ್ಚಲೇನು?"

ಅವಳು ನನ್ನನ್ನೊಮ್ಮೆ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋದಳು. ಮರುದಿನದಿಂದ ಅವಳಿಗೆ ಅಲ್ಲಿ ಕೆಲಸವಿರಲಿಲ್ಲ. ಜವಳಗೇರಾ ಕಡೆ ಭತ್ತದ ನಾಟಿಗೆ ಹೋಗುವ ಟ್ರ್ಯಾಕ್ಟರ್ ಹತ್ತಿದಳು. ನಾನು ಕಾಯಂ ಆದೆ. ಈಗ ಪಿಂಚಣಿಯೂ ಬರುತ್ತಿದೆ. ಮನೆಯಲ್ಲಿ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಿಂಧನೂರಿನಲ್ಲಿ ಅವಳ ಕಣ್ಣಿನ ಪೊರೆ ತೆಗೆಸಿದ ಮೇಲೆ, ಈ ವರ್ಷ, ಒತ್ತಾಯ ಮಾಡಿ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ಹೂಜಿ ಅದೇ ಕಪಾಟಿನಲ್ಲಿದೆ. ಹಕ್ಕಿಯೊಂದರ ರೆಕ್ಕೆಯ ಸಂದಿಯಲ್ಲಿ ಮಾತ್ರ ಚೂರು ಬಂಗಾರ ಉಳಿದಿದೆ.

"ಅವತ್ತು ತಪ್ಪು ನಂದು. ನಿನ್ನ ಮ್ಯಾಲ ಹಾಕಿದೆ," ಅಂದೆ.

ಅವಳು ಗಾಜಿನಿಂದ ಕಣ್ಣು ತೆಗೆಯಲಿಲ್ಲ. "ನನಗ್ಯಾಕ ಹೇಳ್ತೀರಿ? ನನಗ ಗೊತ್ತಿಲ್ಲೇನು? ಅವತ್ತು ಇಲ್ಲಿ ಮಂದಿ ನಿಂತಿದ್ರಲ್ಲ, ಅವ್ರಿಗೆ ಹೇಳಬೇಕಿತ್ತು."

ಸಾಹೇಬರು ತೀರಿಕೊಂಡಿದ್ದಾರೆ. ಗುಮಾಸ್ತನೂ ಇಲ್ಲ. ಬೇರೆ ಯಾರೂ ಕಾಣದೆ, ಬಾಗಿಲಲ್ಲಿ ಕೂತಿದ್ದ ಈಗಿನ ಜವಾನನ ಮುಂದೆ ಎಲ್ಲವನ್ನೂ ಹೇಳಿದೆ. ಅವನು ಮೊಬೈಲಿನಿಂದ ತಲೆ ಎತ್ತಿದ.

"ಆತು ಬಿಡ್ರಿ ಅಜ್ಜಾರ. ಹಳೇದೆಲ್ಲ ಈಗ್ಯಾಕ? ಬಾಗಿಲು ಹಾಕೋ ಹೊತ್ತಾತು."

ತಿರುಗಿ ನೋಡಿದೆ. ಅವಳು ಆಗಲೇ ಮೆಟ್ಟಿಲಿಳಿದು, ನನಗೆ ಕಾಯದೆ, ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದಳು.