ಪುಟ್ಟ ರೈಲ್ವೆ ಸ್ಟೇಷನ್ನಿಗೆ ಎದುರುಗೋಡೆ ಕಟ್ಟಿದ ಕುರಿತು

ಸನ್ಮಾನ್ಯ ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಐವತ್ತೆಂಟನೆಯ ವಯಸ್ಸಿನಲ್ಲಿ ಒಂದು ರೈಲ್ವೆ ಸ್ಟೇಷನ್ ಕಟ್ಟಿದ್ದೇನೆ. ಅದರ ಎತ್ತರ ನನ್ನ ಹೆಬ್ಬೆರಳಿನಷ್ಟು, ಉದ್ದ ಒಂದು ಗೇಣಿಗಿಂತ ತುಸು ಕಡಿಮೆ. ಕೊಟ್ಟಾರದ ಕಚೇರಿಯೊಂದರಲ್ಲಿ ಪತ್ರಗಳ ಕರಡು ಬರೆಯುವುದೇ ನನ್ನ ಉದ್ಯೋಗವಾದ್ದರಿಂದ ಇಂಥ ಬರವಣಿಗೆ ನನಗೆ ಹೊಸದು. ಅಲ್ಲಲ್ಲಿ ಕಡತದ ವಾಸನೆ ಬಂದರೆ ದಯವಿಟ್ಟು ಮನ್ನಿಸಬೇಕು. ಆದರೆ ಸ್ಟೇಷನ್ನಿನ ವಿಷಯದಲ್ಲಿ ಕ್ಷಮೆ ಕೋರುವ ಉದ್ದೇಶ ನನಗಿಲ್ಲ. ಅದು ಚೆನ್ನಾಗಿಯೇ ಬಂದಿದೆ.

ಹಿನ್ನೆಲೆ ಹೀಗಿದೆ. ನನ್ನ ಸ್ನೇಹಿತ ಲೋಕನಾಥ ಬೆಂಗ್ರೆಯ ಮೀನುಗಾರರ ಮನೆತನದವನು. ಅಣ್ಣಂದಿರು ಇಂದಿಗೂ ಕಡಲಿಗೆ ಹೋಗುತ್ತಾರೆ. ಇವನು ಸುರತ್ಕಲ್ಲಿನಲ್ಲಿ ಮನೆ ಮಾಡಿಕೊಂಡು ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾನೆ. ಮಾಳಿಗೆಯ ಕೋಣೆಯ ನಡುವೆ ಪ್ಲೈವುಡ್ ಹಲಗೆಯ ಮೇಲೆ ಪುಟ್ಟ ಹಳಿ ಹಾಸಿ ರೈಲು ಓಡಿಸುವುದು ಅವನ ಹವ್ಯಾಸ. ಅದನ್ನು ಆಟಿಕೆ ಎಂದವರಿಗೆ ಅವನ ಮನೆಯಲ್ಲಿ ಚಹಾ ಸಿಗುವುದಿಲ್ಲ. ರೈಲಿತ್ತು, ಹಳಿಯಿತ್ತು, ಸ್ಟೇಷನ್ ಇರಲಿಲ್ಲ. ಪೆಟ್ಟಿಗೆಯಲ್ಲಿ ಬರುವ ವಿದೇಶಿ ಪ್ಲಾಸ್ಟಿಕ್ ಸ್ಟೇಷನ್ನಿಗೆ ಹೊಗೆಗೂಡು ಇರುತ್ತದೆ, ಹಿಮ ಜಾರಿಹೋಗಲೆಂದು ಕಡಿದಾದ ಮಾಡು ಇರುತ್ತದೆ. ಅದು ಬೇಡ, ನಮ್ಮ ಊರಿನ ಹಂಚಿನದ್ದೊಂದನ್ನು ನಾನೇ ಕಟ್ಟಿಕೊಡುತ್ತೇನೆ ಎಂದೆ.

"ನಿಮ್ಮಿಂದ ಆಗ್ತದಾ, ಫೆಲಿಕ್ಸಣ್ಣ?"

"ಪ್ರತಿ ವರ್ಷ ಗೋದಲಿ ಕಟ್ಟುವವನಿಗೆ ಇದೆಂತ ದೊಡ್ಡದು?"

"ಸರಿ. ಮುಂದಿನ ತಿಂಗಳು ಮೊದಲ ಆದಿತ್ಯವಾರ ತನ್ನಿ. ನನಗೆ ಸರಿ ಕಾಣದಿದ್ರೆ ಪೆಟ್ಟಿಗೆಯದ್ದೇ ತರಿಸ್ತೇನೆ. ಮತ್ತೆ ನೀವು ಬೇಜಾರು ಮಾಡಬಾರದು."

ಗೋದಲಿ ಎಂದರೆ ಕ್ರಿಸ್ಮಸ್ಸಿಗೆ ನಮ್ಮ ಮನೆಗಳಲ್ಲಿ ಕಟ್ಟುವ, ಬಾಲಯೇಸು ಹುಟ್ಟಿದ ಕೊಟ್ಟಿಗೆ. ನಮ್ಮ ಮನೆಯಲ್ಲಿ ನಲವತ್ತು ವರ್ಷಗಳಿಂದ ಅದು ನನ್ನದೇ ಜವಾಬ್ದಾರಿ. ಗೋದಲಿಗೆ ಅಳತೆಯ ಕಟ್ಟುಪಾಡಿಲ್ಲ. ಬೊಂಬೆಗಳನ್ನು ಬೇರೆ ಬೇರೆ ವರ್ಷಗಳಲ್ಲಿ ಕೊಂಡದ್ದರಿಂದ ನಮ್ಮ ಕುರಿ ಬಾಗಿಲಿಗಿಂತ ಎತ್ತರ. ಮೂವರು ಅರಸರಲ್ಲಿ ಒಬ್ಬನು ತನ್ನ ಒಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು. ಹಳೆಯ ಶಿಲ್ಪಗಳಲ್ಲಿಯೂ ದೊರೆ ದೊಡ್ಡವನು, ಚಾಮರ ಬೀಸುವವಳು ಅವನ ಮೊಣಕಾಲಿನಷ್ಟು. ಗೌರವ ಇದ್ದಷ್ಟು ಗಾತ್ರ. ಮಾದರಿ ರೈಲಿನ ಲೋಕದಲ್ಲಿ ಇದಕ್ಕೆ ಅವಕಾಶವಿಲ್ಲ. ಸ್ಟೇಷನ್ ಮಾಸ್ತರರು, ಕೂಲಿ, ಬೆಂಚು, ಬಾಗಿಲು, ಎಲ್ಲರೂ ಎಲ್ಲವೂ ಒಂದೇ ಸಮನಾಗಿ ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿಯಬೇಕು. ಇಷ್ಟು ಕಟ್ಟುನಿಟ್ಟಾದ ಸಮಾನತೆಯನ್ನು ನನ್ನ ಸೇವಾವಧಿಯಲ್ಲಿ ನಾನು ಯಾವ ಕಚೇರಿಯಲ್ಲಿಯೂ ಕಂಡಿಲ್ಲ.

ಹಳೆಯ ಮದುವೆ ಕಾಗದಗಳ ದಪ್ಪ ರಟ್ಟು ಗೋಡೆಯಾಯಿತು. ಬಲ್ಬಿನ ಡಬ್ಬಿಯೊಳಗಿನ ಏರಿಳಿತದ ಕಾಗದ, ಕೆಂಪು ಬಣ್ಣ ಬಳಿದ ಮೇಲೆ, ಹಂಚಾಯಿತು. ಒಳಗೆ ಮೇಜು, ಮೇಜಿನ ಮೇಲೆ ರಿಜಿಸ್ಟರು, ಗೋಡೆಗೆ ಅಕ್ಕಿಕಾಳಿಗಿಂತ ಚಿಕ್ಕ ಗಡಿಯಾರ, ಕುರ್ಚಿಯಲ್ಲಿ ಬಿಳಿ ಕೋಟಿನ ಸ್ಟೇಷನ್ ಮಾಸ್ತರರು. ಅವರ ಕನ್ನಡಕವನ್ನು ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯಲ್ಲಿ ಮಾಡಲು ಮೂರು ಸಂಜೆ ಹಿಡಿಯಿತು. ನನ್ನ ಪತ್ನಿ ಲಿಲ್ಲಿ ಆಸ್ಪತ್ರೆಯ ದಾದಿ. ಯಾರಿಗೂ ಸಿಗದ ನರವನ್ನು ಹುಡುಕಿ ಸೂಜಿ ಹಾಕುವ ಕಣ್ಣು ಅವಳದು. ಅವಳು ಐದು ನಿಮಿಷ ಪರಿಶೀಲಿಸಿ, "ಎಲ್ಲ ಉಂಟು. ಎಂತದೂ ಬಾಕಿ ಇಲ್ಲ" ಎಂದಳು. ಕೊಂಕಣಿಯಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಸಲ್ಲಿಸುತ್ತಿದ್ದೇನೆ.

ಆದಿತ್ಯವಾರ ಲೋಕನಾಥ ಸ್ಟೇಷನ್ನನ್ನು ಹಳಿಯ ಪಕ್ಕ ಇರಿಸಿ, ದಡಕ್ಕೆ ಎಳೆದ ದೋಣಿಯನ್ನು ನೋಡುವವನಂತೆ ಹಲಗೆಯ ಸುತ್ತ ಒಂದು ಬಾರಿ ನಡೆದ. ಹಿಂದಿನಿಂದ ನೋಡಿ ತಲೆದೂಗಿದ. ಬದಿಯಿಂದ ನೋಡಿ ಹಂಚನ್ನು ಮೆಚ್ಚಿದ. ಎದುರಿಗೆ ಬಂದು ನಿಂತ.

"ಎದುರಿನ ಗೋಡೆ ಎಲ್ಲಿ?"

"ಗೋಡೆಯಾ?"

"ಗೋಡೆ ಮಾರಾಯ್ರೆ. ನಿಮ್ಮ ಮಾಸ್ತರರು ಎಂತ ಬಾಲಯೇಸುವಾ, ಬಂದವರಿಗೆಲ್ಲ ಕಾಣ್ಲಿಕ್ಕೆ?"

ಆಗ ನನಗೆ ಹೊಳೆಯಿತು. ಗೋದಲಿಗೆ ಎದುರುಗೋಡೆ ಇರುವುದಿಲ್ಲ. ಇದ್ದರೆ ಮಗು ಕಾಣುವುದು ಹೇಗೆ? ನಲವತ್ತು ವರ್ಷ ಮೂರೇ ಗೋಡೆ ಕಟ್ಟಿದ ಕೈ ಮೂರನೆಯದು ಮುಗಿದೊಡನೆ ಕೆಲಸ ಮುಗಿಯಿತೆಂದು ತಿಳಿದಿತ್ತು. ಲಿಲ್ಲಿಯೂ ಅಂಥದೇ ಮನೆಯಲ್ಲಿ ಬೆಳೆದವಳು. ನರ ಹುಡುಕುವ ಕಣ್ಣಿಗೆ ಒಂದಿಡೀ ಗೋಡೆ ಇಲ್ಲದ್ದು ಕಾಣಲಿಲ್ಲ.

"ಒಂದು ವಾರ ನಾನು ಪೆಟ್ಟಿಗೆ ಆರ್ಡರ್ ಹಾಕುವುದಿಲ್ಲ. ಯೋಚನೆ ಮಾಡಿ" ಎಂದ ಲೋಕನಾಥ. ಅವನು ಚಹಾವನ್ನೂ ಕೊಟ್ಟನೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು.

ಗೋಡೆ ಕಟ್ಟುವುದು ಒಂದು ಸಂಜೆಯ ಕೆಲಸ. ಕಷ್ಟ ಬೇರೆಯೇ ಇತ್ತು. ಗೋಡೆ ಬಂದರೆ ಮೇಜು, ಗಡಿಯಾರ, ಮೂರು ಸಂಜೆಯ ಕನ್ನಡಕ ಎಲ್ಲವೂ ಕತ್ತಲೆಗೆ ಹೋಗುತ್ತವೆ; ನಾನು ಮಾಡಿದ್ದರಲ್ಲಿ ಅತ್ಯುತ್ತಮವಾದದ್ದನ್ನು ಯಾರೂ ನೋಡುವುದಿಲ್ಲ. ಬಾರದಿದ್ದರೆ ಆ ಜಾಗದಲ್ಲಿ ವಿದೇಶಿ ಹೊಗೆಗೂಡು ನಿಲ್ಲುತ್ತದೆ.

"ಮಾಸ್ತರರನ್ನು ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ಇಟ್ಟುಬಿಡಿ. ಎಲ್ಲರಿಗೂ ಕಾಣ್ತದೆ" ಎಂದಳು ಲಿಲ್ಲಿ.

"ಅವರು ಕೂತಿದ್ದಾರೆ. ಎಬ್ಬಿಸಿದರೆ ಮೊಣಕಾಲು ಮುರೀತದೆ."

"ಹಾಗಾದ್ರೆ ಒಳಗೇ ಇರಲಿ. ನಾನು ಹಾಕುವ ಹೊಲಿಗೆ ಬ್ಯಾಂಡೇಜಿನ ಮೇಲಿಂದ ಯಾರಿಗೆ ಕಾಣ್ತದೆ? ಹಾಗಂತ ಹೇಗಾದರೂ ಹೊಲೀತೇನಾ?"

ನನ್ನ ಉದ್ಯೋಗವೂ ಅಂಥದೇ. ಕಚೇರಿಯಿಂದ ಹೊರಗೆ ಹೋಗುವುದು ಒಂದು ಪುಟದ ಪತ್ರ. ಅದರ ಹಿಂದಿನ ತಿದ್ದುಪಡಿಗಳು, ಟಿಪ್ಪಣಿಗಳು, ಒಂದು ಪದಕ್ಕಾಗಿ ನಡೆದ ಅರ್ಧ ದಿನದ ಚರ್ಚೆ, ಎಲ್ಲವೂ ಕಪಾಟಿನೊಳಗೆ ಉಳಿಯುತ್ತವೆ. ಆದರೂ ಪತ್ರವನ್ನು ಕೈಗೆತ್ತಿಕೊಂಡವರಿಗೆ ಅದರ ತೂಕ ತಿಳಿಯುತ್ತದೆ ಎಂದು ನಾನು ನಂಬಿದ್ದೇನೆ. ಬಾಗಿಲು, ಟಿಕೆಟ್ ಕಿಟಕಿಗಳನ್ನು ಕೊರೆದು ಗೋಡೆ ಸಿದ್ಧಪಡಿಸಿದೆ. ಮಾಸ್ತರರ ಮುಖವನ್ನು ಒಮ್ಮೆ ನೋಡಿದೆ. ಅಂಟು ಹಚ್ಚಿದೆ.

ಮರು ಆದಿತ್ಯವಾರ ಲೋಕನಾಥ ಪುನಃ ಸುತ್ತು ಹಾಕಿದ. ಈ ಬಾರಿ ಎದುರಿಗೆ ನಿಂತು ನೋಡಿ, ಸುತ್ತಿಗೆ ತಂದ. ಸ್ಟೇಷನ್ನಿನ ಬುಡಕ್ಕೆ ಎರಡು ಮೊಳೆ ಹೊಡೆದು ಹಲಗೆಗೆ ಕೂಡಿಸಿದ. ರೈಲು ಸುತ್ತಿ ಬಂದು ಪ್ಲಾಟ್‌ಫಾರ್ಮಿನಲ್ಲಿ ನಿಂತಿತು. ಅವನ ಬೆರಳು ರೈಲು ಹೊರಡಿಸುವ ಗುಂಡಿಯ ಮೇಲಿತ್ತು, ಒತ್ತಲಿಲ್ಲ.

"ಒಳಗೆ ಮಾಸ್ತರರು ಇದ್ದಾರಲ್ಲ?"

"ಇದ್ದಾರೆ."

"ರೈಲು ಬಿಡಬಹುದಾ ಕೇಳಿ."

ನಾನು ಬಗ್ಗಿ, ಟಿಕೆಟ್ ಕಿಟಕಿಗೆ ಕಣ್ಣು ಹಚ್ಚಿದೆ. ಒಳಗೆ ಪೂರ್ತಿ ಕತ್ತಲೆ. "ಬಿಡಬಹುದಂತೆ" ಎಂದೆ. ಲೋಕನಾಥ ಗುಂಡಿ ಒತ್ತಿದ. ಯಾರ ಕಣ್ಣಿಗೂ ಕಾಣದ ಒಬ್ಬರ ಅಪ್ಪಣೆಗಾಗಿ ರೈಲು ಅರ್ಧ ನಿಮಿಷ ಕಾದಿತ್ತು ಎಂಬುದನ್ನು ಈ ಮೂಲಕ ದಾಖಲಿಸುತ್ತೇನೆ.