ಘಾಟಿಯ ಬುಡದಲ್ಲಿ ಮನೆ ತೂಗುವ ನೆಡ್ರಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಮ್ಮೂರಿನ ಹುಲ್ಲು ಬೆಳೆಗಾರರ ಸೊಸೈಟಿಯಲ್ಲಿ ಲಾರಿ ತೂಗುವ ತೂಕದ ಕಟ್ಟೆಯ ಮೇಲೆ ಒಂದು ಪಿಕಪ್ ಗಾಡಿ ನಿಂತಿದೆ, ಅದರ ಬೆನ್ನಿಗೆ ಗಾಲಿಗಳ ಮೇಲಿನ ಉದ್ದನೆಯ ಬಿಳಿ ಟ್ರೇಲರ್ ಮನೆ. ಪಕ್ಕದ ತಗಡಿನ ಕೋಣೆಯ ಕಿಟಕಿಯಿಂದ ನೆಡ್ರಾ ಹಾಲ್ವರ್ಸನ್ ತಲೆ ಹೊರಹಾಕಿ ಕೂಗುತ್ತಾರೆ: "ಎಲ್ರೂ ಗಾಡಿ ಒಳಗೆ ಕೂತ್ಕೊಳ್ಳಿ! ನಾಯೀನೂ ಹತ್ತಿಸಿ! ಘಾಟಿಗೆ ಅದೇನು ನಡ್ಕೊಂಡು ಬರುತ್ತಾ?"

ಕೊಲರಾಡೊದ ಈ ಮೂಲೆಯಲ್ಲಿ ಊರು ಮುಗಿದ ಕೂಡಲೇ ಘಾಟಿ ಶುರುವಾಗುತ್ತದೆ. ಬೇಸಿಗೆ ಬಂದರೆ ಟ್ರೇಲರ್ ಎಳೆದುಕೊಂಡು ಹೊರಟವರ ಸಾಲು. ಹುಲ್ಲಿನ ಲಾರಿಗಳು ಬರುವ ಮೊದಲು ದಿನಕ್ಕೆ ಐದಾರು ಗಾಡಿಗಳನ್ನಾದರೂ ನೆಡ್ರಾ ತೂಗಿಕೊಡುತ್ತಾರೆ. ಅದು ಅವರ ಕೆಲಸವಲ್ಲ, ಸೊಸೈಟಿ ಅವರನ್ನು ಇಟ್ಟುಕೊಂಡಿರುವುದು ಹುಲ್ಲು ತೂಗಲಿಕ್ಕೆ. ಯಾರನ್ನೂ ತಡೆಯುವ ಅಧಿಕಾರ ಅವರಿಗಿಲ್ಲ, ಇರುವುದು ಬಾಯಿ ಮಾತ್ರ. ಆ ಬಾಯಿಗೆ ನಮ್ಮೂರು ಋಣಿ. ಘಾಟಿಯ ತಿರುವುಗಳಲ್ಲಿ ಎದುರಿನಿಂದ ಬರುವವರು ನಾವೇ ತಾನೆ.

ಇವತ್ತು ಬಂದಿರುವವರು ಡೆಲ್ಮರ್ ಪ್ರಿಚೆಟ್ ಮತ್ತು ಅವರ ಹೆಂಡತಿ ಆರ್ಲಿಸ್. ಘಾಟಿಯಾಚೆಯ ಪ್ರವಾಸಿ ಶಿಬಿರವೊಂದರಲ್ಲಿ ಆರ್ಲಿಸ್‌ಗೆ ಬೇಸಿಗೆ ಪೂರ್ತಿ ಮೇಲ್ವಿಚಾರಣೆಯ ಕೆಲಸ ಸಿಕ್ಕಿದೆ. ಉಳಿಯುವ ಮನೆಯನ್ನು ತಾವೇ ತರಬೇಕು, ಇವತ್ತು ಸಂಜೆಯೊಳಗೆ ಅಲ್ಲಿರಬೇಕು. ತಪ್ಪಿದರೆ ಕೆಲಸ ಬೇರೆಯವರ ಪಾಲು.

ತೂಕ ನೋಡಿದ ನೆಡ್ರಾ ಹೊರಗೆ ಬರುತ್ತಾರೆ. ಪಿಕಪ್ಪಿನ ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತಿದೆ.

"ಇದಕ್ಕಿಂತ ದೊಡ್ಡ ಟ್ರೇಲರನ್ನೂ ಎಳೆಯುತ್ತೆ ಅಂತ ಕಂಪನಿಯವರೇ ಹೇಳಿದಾರೆ," ಎನ್ನುತ್ತಾರೆ ಡೆಲ್ಮರ್.

"ಎಳೆಯುತ್ತೆ ಯಜಮಾನ್ರೇ, ಯಾರು ಇಲ್ಲ ಅಂದ್ರು? ಎಳೆಯೋದು ಬೇರೆ, ಹೊರೋದು ಬೇರೆ. ಟ್ರೇಲರ್ ಮೂತಿ ನಿಮ್ಮ ಕೊಂಡಿ ಮೇಲೆ ಕೂತಿದೆ, ಅದನ್ನ ನಿಮ್ಮ ಗಾಡಿ ಹೊತ್ಕೋಬೇಕು. ಅದರ ಜೊತೆ ನೀವಿಬ್ರು, ನಾಯಿ, ಹಿಂದಿರೋ ಆ ಕಬ್ಬಿಣದ ಪೆಟ್ಟಿಗೆ. ಎಷ್ಟು ಹೊರುತ್ತೆ ಅಂತ ಬಾಗಿಲ ಸಂದೀಲಿ ಅಂಟಿಸಿರೋ ಚೀಟೀಲಿದೆ, ಓದಿ."

ಡೆಲ್ಮರ್ ಓದುತ್ತಾರೆ. ಮುಖ ಸಪ್ಪಗಾಗುತ್ತದೆ. ಗಾಡಿಯನ್ನು ಪಕ್ಕಕ್ಕೆ ಒಯ್ಯುತ್ತಾರೆ. ಬೆಳಗಿನ ಹರಟೆಗೆ ಬಂದಿರುವ ನಾನು ಮತ್ತು ನೆಡ್ರಾ ಕಾಫಿ ಬಗ್ಗಿಸಿಕೊಳ್ಳುವಷ್ಟರಲ್ಲಿ ಮತ್ತೆ ಕಟ್ಟೆಗೆ ಬರುತ್ತಾರೆ. ಈಗ ಪಿಕಪ್ ನೆಟ್ಟಗೆ ನಿಂತಿದೆ! ಡೆಲ್ಮರ್ ಮೀಸೆ ತಿರುವುವುದೊಂದು ಬಾಕಿ.

"ಟ್ರೇಲರ್ ಮುಂದಿನ ಗೂಡಲ್ಲಿ ನನ್ನ ಕಲ್ಲುಗಳಿದ್ವು. ಎಲ್ಲಾ ಟ್ರೇಲರ್ ಹಿಂದಕ್ಕೆ ಹಾಕ್ದೆ, ನೋಡಿ!"

ನಿವೃತ್ತರಾದ ಮೇಲೆ ನಮ್ಮ ಕಡೆಯ ಅರ್ಧ ಜನರಿಗೆ ಇದೇ ಹುಚ್ಚು. ಗುಡ್ಡಗಳಲ್ಲಿ ಬಣ್ಣದ ಕಲ್ಲು ಹೆಕ್ಕುವುದು, ಹೋದಲ್ಲೆಲ್ಲ ಹೊತ್ತು ತಿರುಗುವುದು. "ಅವನ್ನ ಬಿಟ್ಟು ಬನ್ನಿ ಅಂದ್ರೆ ನನ್ನನ್ನೇ ಬಿಟ್ಟು ಬರ್ತಾರೆ," ಎಂದು ಆರ್ಲಿಸ್ ಕಾಲೆಳೆಯುತ್ತಾರೆ.

ನೆಡ್ರಾ ನಗುವುದಿಲ್ಲ. ಎತ್ತಿನ ಗಾಡಿಯ ಹಿಂದೆ ಹೇರು ಹೆಚ್ಚಾದರೆ ಮೂಕಿ ಮೇಲೇಳುತ್ತದಲ್ಲ, ಇಲ್ಲೂ ಅದೇ ಕಥೆ. ಕೊಂಡಿಯ ಮೇಲೆ ಭಾರ ಕಡಿಮೆಯಾದ ಟ್ರೇಲರ್ ಇಳಿಜಾರಿನಲ್ಲಿ ಬಾಲ ಬೀಸತೊಡಗಿದರೆ ಪಿಕಪ್ಪನ್ನೂ ಸೇರಿಸಿಯೇ ಬೀಸುತ್ತದೆ. ಕಾಫಿ ಕಲಕುತ್ತಿದ್ದ ಚಮಚವನ್ನು ನೆಡ್ರಾ ಎತ್ತಿ ಹಿಡಿಯುತ್ತಾರೆ. ಅದರ ಹಿಡಿ ಸೊಟ್ಟಗಾಗಿದೆ.

"ನಾನೂ ನನ್ನ ಗಂಡ ಲೈಲೂ ಹಿಂಗೇ ಮಾಡಿದ್ವಿ. ನಮ್ಮ ಗಾಡೀನೂ ಹಿಂಗೇ ನೆಟ್ಟಗೆ ನಿಂತಿತ್ತು, ನಾವೂ ಖುಷಿ ಪಟ್ವಿ. ಘಾಟಿ ಇಳೀವಾಗ ಬಾಲ ಬೀಸ್ತು. ನಾವು ಉಳಿದ್ವಿ, ಮನೆ ಉಳೀಲಿಲ್ಲ. ಈ ಸೊಸೈಟಿಯವ್ರು ಗುಡ್ಡ ಪೂರ್ತಿ ಹುಡುಕಿ ನಮ್ಮ ಚಮಚ, ತಟ್ಟೆ ಆರಿಸಿ ತಂದುಕೊಟ್ರು."

ಮುಂದಿನ ಊರಿಗೆ ಹೋಗಲು ಮನೆಯೇ ಇಲ್ಲದ ಆ ದಂಪತಿಗೆ ಅಂದು ಸೊಸೈಟಿಯ ಹಿಂದಿನ ಕೋಣೆ ಸಿಕ್ಕಿತು, ನೆಡ್ರಾಗೆ ತೂಕದ ಕೆಲಸ ಸಿಕ್ಕಿತು. ಬೆನ್ನಿಗೆ ಪೆಟ್ಟು ಬಿದ್ದ ಲೈಲ್ ಈಗಲೂ ಭಾರ ಎತ್ತುವುದಿಲ್ಲ. ಬೆಳಗ್ಗೆ ಎದ್ದು ದಾಲ್ಚಿನ್ನಿ ಬನ್ನು ಬೇಯಿಸಿ ಲಾರಿಯವರಿಗೆಲ್ಲ ಕಳಿಸುತ್ತಾರೆ. "ಸೊಸೈಟಿಯವ್ರು ಮಾಡಿದ್ದನ್ನ ಹೆಂಗೆ ತೀರಿಸ್ಲಿ? ಹೋಗೋ ಬರೋರಿಗೆ ಬೈದು ಬೈದು ತೀರಿಸ್ತಾ ಇದೀನಿ," ಎನ್ನುತ್ತಾರೆ ನೆಡ್ರಾ.

ಚಮಚವನ್ನೇ ನೋಡುತ್ತಿದ್ದ ಆರ್ಲಿಸ್ ಕಣ್ಣುಗಳು ತುಂಬಿಕೊಂಡಿವೆ. "ಹಂಗಾದ್ರೆ ಕೆಲಸ ಹೋದಂಗೇ."

"ಗಾಡಿ ಚಿಕ್ಕದು ಅಂದೆ. ನೀವು ಹೋಗ್ಬೇಡಿ ಅಂದ್ನಾ?" ಎಂದ ನೆಡ್ರಾ ಅಂಗಳದತ್ತ ತಿರುಗಿ ಕೂಗುತ್ತಾರೆ. ಹುಲ್ಲು ಬೆಳೆಯುವ ವೆಂಡೆಲ್ ಕೈಪರ್ ಅಲ್ಲಿ ಬನ್ನು ತಿನ್ನುತ್ತಾ ನಿಂತಿದ್ದಾನೆ. ಅವನದು ಹಿಂದೆ ಜೋಡಿ ಚಕ್ರಗಳಿರುವ ಭಾರಿ ಪಿಕಪ್.

"ವೆಂಡೆಲ್, ನಿನ್ನ ಹುಲ್ಲು ಮಧ್ಯಾಹ್ನದ ತನಕ ಒಣಗ್ಲಿ ಬಿಡು. ಇವರ ಮನೆ ದಾಟಿಸಿ ಬಾ."

"ಇನ್ನೆರಡು ಬನ್ನು ಕೊಡ್ತೀಯಾ?"

"ಮೊದ್ಲು ದಾಟಿಸೋ, ಹೊಟ್ಟೆಬಾಕ!"

ಕಲ್ಲುಗಳೆಲ್ಲ ಇಳಿದು ಡೆಲ್ಮರ್ ಪಿಕಪ್ಪಿಗೆ ಏರುತ್ತವೆ. ಕೊಂಡಿ ಕಳಚಿದ ಮೇಲೆ ಅಷ್ಟನ್ನು ಅದು ಸಲೀಸಾಗಿ ಹೊರುತ್ತದೆ. ಮನೆ ವೆಂಡೆಲ್‌ನ ಗಾಡಿಗೆ. ಎರಡನ್ನೂ ಮತ್ತೆ ತೂಗಿ, ಕೊಂಡಿಯ ಮೇಲಿನ ಭಾರ ನೋಡಿ, ನೆಡ್ರಾ ಕೈ ಬೀಸಿದ ಮೇಲೆಯೇ ಮೆರವಣಿಗೆ ಹೊರಡುತ್ತದೆ.

ಸುರಕ್ಷಿತವಾಗಿ ದಾಟಿದವರು ವಾಪಸು ಬರುವಾಗ ತೂಕದ ಕಟ್ಟೆಯ ಮುಂದೆ ಎರಡು ಸಲ ಹಾರ್ನ್ ಹೊಡೆಯುವುದು ನಮ್ಮಲ್ಲಿ ರೂಢಿ. ಮಧ್ಯಾಹ್ನವಾಗುತ್ತದೆ. ನೆಡ್ರಾ ಹುಲ್ಲು ತೂಗುತ್ತಲೇ ರಸ್ತೆಯತ್ತ ಕಿವಿ ಇಟ್ಟಿದ್ದಾರೆ. ಊಟದ ಡಬ್ಬಿಯನ್ನು ತೆರೆದಿಲ್ಲ. ಕೊನೆಗೂ ಹಾರ್ನ್ ಕೇಳುತ್ತದೆ, ಎರಡು ಸಲ. ನನ್ನ ಎದೆಯೂ ಹಗುರಾಗುತ್ತದೆ.

"ಬೆಳದಿಂಗಳಲ್ಲಿ ತೇಲಿದಂಗೆ ಬಂತು ಮನೆ," ಎನ್ನುತ್ತಾ ವೆಂಡೆಲ್ ಕಿಟಕಿಗೆ ಬರುತ್ತಾನೆ. "ಆಯಮ್ಮ ಆಗ್ಲೇ ಕೆಲಸಕ್ಕೆ ನಿಂತ್ರು. ಆಯಪ್ಪ ಇದನ್ನ ಕೊಟ್ಟು, ಇಷ್ಟು ಭಾರ ಕಮ್ಮಿ ಮಾಡಿದೀನಿ ಅಂತ ಹೇಳು ಅಂದ್ರು."

ಅವನ ಅಂಗೈಯಲ್ಲಿ ನೆಲ್ಲಿಕಾಯಿ ಗಾತ್ರದ ಹಸಿರು ಕಲ್ಲು. ನೆಡ್ರಾ ಅದನ್ನು ಒಯ್ದು ಖಾಲಿ ಕಟ್ಟೆಯ ನಡುಮಧ್ಯೆ ಇಟ್ಟು, ಕೋಣೆಗೆ ಬಂದು ತೂಕದ ಮುಳ್ಳು ನೋಡುತ್ತಾರೆ. ಮುಳ್ಳು ಮಿಸುಕುವುದಿಲ್ಲ. ಹೋಗಿ ಕಲ್ಲನ್ನು ಎತ್ತಿ ಒರೆಸಿ ಜೇಬಿಗೆ ಹಾಕಿಕೊಳ್ಳುತ್ತಾರೆ.

"ಇಷ್ಟನ್ನ ನಾನು ಹೊರಬಲ್ಲೆ," ಎನ್ನುತ್ತಾರೆ.