ಅಕ್ಕನಿಗೆ ಕಟ್ಟಿಸಿದ ಹಲ್ಲು

ಮೊನ್ನೆ ಹಲ್ಲಿನ ಡಾಕ್ಟರು ಬಿಸಿ ಮೇಣದ ತುಂಡನ್ನು ನನ್ನ ಬಾಯಿಗಿಟ್ಟು ಕಚ್ಚಿ ಎಂದರು. ಆ ವಾಸನೆಗೆ ಮದ್ದೂರಿನ ಹಲ್ಲು ಕಟ್ಟುವ ಸಾಹೇಬರು ನೆನಪಾದರು... ಅವರ ಹಿಂದೆಯೇ ಅಕ್ಕ.

ಎರಡನೇ ಮಹಾಯುದ್ಧದ ಕಾಲ. ಮೂವತ್ತು ತುಂಬುವ ಮೊದಲೇ ವಸಡು ಕೆಟ್ಟು ಅಕ್ಕನ ಹಲ್ಲೆಲ್ಲ ಉದುರಿದವು. ಮಳವಳ್ಳಿಯ ಗಂಡ ಅವಳನ್ನು ಹೊಳಲಿಗೆ, ನಮ್ಮ ಮನೆಗೆ ತಂದು ಬಿಟ್ಟು, ಮುಖ ಮೊದಲಿನಂತಾದರೆ ಕರೆಸಿಕೊಳ್ಳುತ್ತೇನೆ ಎಂದಿದ್ದ. ಮುಖವೇನು ಕಿತ್ತುಹೋದ ಚಪ್ಪಲಿಯೇ, ಹೊಲಿಸಿ ತರಲು?

ಸಾಹೇಬರು ಮೇಣದಲ್ಲಿ ಅಕ್ಕನ ವಸಡಿನ ಅಚ್ಚು ತೆಗೆದರು. ಹಲ್ಲಿನ ಎತ್ತರಕ್ಕೆ ಅವರದು ಬೇರೆಯೇ ಲೆಕ್ಕ. ರಾಗಿ ಮುದ್ದೆಯ ಸಣ್ಣ ತುತ್ತು ನುಂಗಿಸುತ್ತಿದ್ದರು. ನುಂಗುವಾಗ ದವಡೆ ತಾನಾಗಿ ತನ್ನ ಜಾಗಕ್ಕೆ ಬರುತ್ತದಂತೆ. ಆಗ ಮೂಗಿನಿಂದ ಗದ್ದಕ್ಕೆ ದಾರ ಹಿಡಿದು ಅಳೆಯುತ್ತಿದ್ದರು. ಆಮೇಲೆ ನಗಿಸಿ ನೋಡುತ್ತಿದ್ದರು.

ನಮ್ಮ ಜೊತೆ ಬಂದು, ಅಚ್ಚು ತೆಗೆಯುವಾಗ ಹೊರಗಿದ್ದ ಗಂಡನ ಅಣ್ಣ ಈಗ ಎದುರಿಗೇ ಕೂತಿದ್ದ. ಅವನ ಮುಂದೆ ಬಾಯಿ ತೆರೆಯುವುದುಂಟೆ? ಅಕ್ಕ ಸೆರಗು ಒತ್ತಿ ಹಿಡಿದವಳು ನುಂಗಲೂ ಇಲ್ಲ, ನಗಲೂ ಇಲ್ಲ.

"ಒಂದ್ ಸಲ ನಗಿ ತಾಯಿ, ಹಲ್ಲು ಎಷ್ಟು ಕಾಣ್ಬೇಕೋ ಗೊತ್ತಾಗ್ಬೇಕಲ್ಲ," ಎಂದು ಸಾಹೇಬರು ಬೇಡಿಕೊಂಡರು.

"ಬುಡಿ ಸಾಯೇಬ್ರೆ, ನಮ್ಮಿಬ್ರುದೂ ಒಂದೇ ಮಕ. ನನ್ನೇ ಅಳ್ದು ಕಟ್ಬುಡಿ," ಎಂದೆ ನಾನು. ಊರಲ್ಲಿ ಎಲ್ಲರೂ ಹಾಗೆನ್ನುತ್ತಿದ್ದರು, ನಾನೂ ನಂಬಿದ್ದೆ. ಸಾಹೇಬರು ಬಹಳ ಹೊತ್ತು ಒಪ್ಪಲಿಲ್ಲ. ಗಂಡನ ಅಣ್ಣ ಎದ್ದು ನಿಂತು ಅವಸರ ಮಾಡಿದ ಮೇಲೆ ಒಪ್ಪಿದರು. ನಾನು ನುಂಗಿದೆ, ಹಲ್ಲು ಕಿರಿದೆ.

ಕಟ್ಟಿದ ಹಲ್ಲು ಅಕ್ಕನಿಗೆ ಎತ್ತರವಾಯಿತು. ತುಟಿ ಕೂಡಲಿಲ್ಲ, ಮುದ್ದೆ ಇಳಿಯಲಿಲ್ಲ. ಅಳುವಾಗಲೂ ನಕ್ಕಂತೆ ಕಾಣುತ್ತಿದ್ದಳು. ನೋಡಲು ಬಂದ ಗಂಡ ನೀರೂ ಕುಡಿಯದೆ ಹೊರಟುಹೋದ. ಸಾಹೇಬರು ತಪ್ಪೆಲ್ಲ ತಮ್ಮದೆಂದರು. ಬೇರೆ ಕಟ್ಟೋಣವೆಂದರೆ ಹಲ್ಲು ಕೂರಿಸುವ ಕೆಂಪು ರಬ್ಬರು ಯುದ್ಧದಿಂದಾಗಿ ಎಲ್ಲೂ ಸಿಗುತ್ತಿರಲಿಲ್ಲ.

ಯುದ್ಧ ಮುಗಿದು ರಬ್ಬರು ಬಂದಾಗ ಅವರೇ ಹೊಳಲಿಗೆ ಬಂದರು. ಅಷ್ಟರಲ್ಲಿ ಗಂಡ ಇನ್ನೊಂದು ಮದುವೆಯಾಗಿದ್ದ.

"ಇನ್ಯಾರ್ ಮುಂದೆ ನಗ್ಬೇಕು, ಬುಡವ್ವ," ಎಂದು ಅಕ್ಕ ಒಳಗಿನಿಂದಲೇ ನನಗೆ ಹೇಳಿದಳು. ಸಾಹೇಬರು ಜಗಲಿಯಲ್ಲಿ ತುಂಬಾ ಹೊತ್ತು ಕೂತಿದ್ದು ಎದ್ದು ಹೋದರು. ಅವಳು ಹೊರಗೆ ಬರಲಿಲ್ಲ.

ಆಮೇಲೆ ಅವಳು ಬದುಕಿದಷ್ಟು ದಿನವೂ ಗಂಜಿಯೇ. ನನ್ನ ಹಲ್ಲು ಗಟ್ಟಿಯಾಗಿದ್ದವು... ಅವಳ ಎದುರು ಕೂತು ಉಣ್ಣಲು ನನಗೆ ಮುಖವಿರಲಿಲ್ಲ.

ಈಗ ಅಕ್ಕನೂ ಇಲ್ಲ, ಸಾಹೇಬರೂ ಇಲ್ಲ. ತಪ್ಪು ನನ್ನದು ಎಂದು ಹೇಳಬೇಕಾಗಿದ್ದುದು ಅವರಿಬ್ಬರಿಗೇ. ಹೇಳಲೇ ಇಲ್ಲ.